ಹಳೆಯ ಫಿಲ್ಮು, ಹಳೆಯ ಯಂತ್ರ, ಹೊಸ ಗಣಕ

ಕಳಂಬೋಲಿಯ ಸಿಡ್ಕೋ ಮನೆಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಸಂಸಾರಗಳಲ್ಲಿ, ಅಟ್ಟದ ಮೇಲೊಂದು ಬಿಸ್ಕತ್ತಿನ ಡಬ್ಬಿ ಇರುವುದು ಸಾಮಾನ್ಯ. ಊರಿನ ಮದುವೆ, ಮುಂಜಿ, ನಾಮಕರಣ, ಮುಂಬಯಿಗೆ ಬಂದ ವರ್ಷ ಚೌಪಾಟಿಯಲ್ಲಿ ತೆಗೆಸಿಕೊಂಡ ಚಿತ್ರ, ಇವೆಲ್ಲದರ ನೆಗೆಟಿವ್‌ಗಳು ಅದರಲ್ಲಿರುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತಷ್ಟೆ. ಅಂದು ಆಲ್ಬಮ್ಮುಗಳನ್ನು ನೀರಿಗೆ ಒಪ್ಪಿಸಿದವರಿಗೆ ಈ ಡಬ್ಬಿಯೇ ಉಳಿದ ಆಸ್ತಿ.

ಆದರೆ ಅದರ ಆಯುಷ್ಯವೂ ಕರಗುತ್ತಿದೆ. ಅಸಿಟೇಟ್ ಫಿಲ್ಮು ನಮ್ಮ ಕಡಲತೀರದ ಸೆಕೆ, ತೇವಗಳಲ್ಲಿ ಒಡೆದು ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಡಬ್ಬಿ ತೆರೆದಾಗ ವಿನಿಗರಿನ ವಾಸನೆ ಬಂದರೆ ಕೊಳೆಯುವಿಕೆ ಆರಂಭವಾಯಿತೆಂದೇ ತಿಳಿಯಬೇಕು.

ಈ ಚಿತ್ರಗಳನ್ನು ಗಣಕಯಂತ್ರಕ್ಕೆ ಇಳಿಸಬಲ್ಲ ಉತ್ತಮ ಸ್ಕ್ಯಾನರುಗಳು ಇಪ್ಪತ್ತೈದು ವರ್ಷಗಳ ಹಿಂದಿನವು. 1998ರ ಸುಮಾರಿಗೆ ಬಂದ ನಿಕಾನ್ ಕಂಪನಿಯ ಎಲ್‌ಎಸ್-30, ಎಲ್‌ಎಸ್-2000 ಯಂತ್ರಗಳು ಒಂದು ಅಂಗುಲದಲ್ಲಿ 2700 ಬಿಂದುಗಳನ್ನು ಓದುತ್ತವೆ. 35 ಮಿಲಿಮೀಟರ್ ಫಿಲ್ಮಿನ ಒಂದು ಚೌಕಟ್ಟಿನ ಅಳತೆ 36 × 24 ಮಿಲಿಮೀಟರ್. ಲೆಕ್ಕ ಹಾಕಿದರೆ ಸುಮಾರು 97 ಲಕ್ಷ ಬಿಂದುಗಳಾದವು. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಇದು ಧಾರಾಳ.

ತೊಡಕಿರುವುದು ಜೋಡಣೆಯಲ್ಲಿ. ಆ ಯಂತ್ರಗಳು ಮಾತನಾಡುವುದು ‘ಸ್ಕಜಿ’ ಎಂಬ ಪದ್ಧತಿಯಲ್ಲಿ. ಶುಗಾರ್ಟ್ ಎಂಬ ಅಮೆರಿಕದ ಕಂಪನಿ ಹುಟ್ಟುಹಾಕಿದ ಪದ್ಧತಿಯೊಂದು ಬೆಳೆದು, 1986ರಲ್ಲಿ ಆ ದೇಶದ ಅಧಿಕೃತ ಮಾನಕವಾಯಿತು. ಒಂದೇ ಸರಪಳಿಯಲ್ಲಿ 0ಯಿಂದ 7ರವರೆಗೆ ಎಂಟು ಸ್ಥಾನಗಳು. ಗಣಕದ ಕಾರ್ಡು ಸಾಮಾನ್ಯವಾಗಿ 7ನೆಯದು. ಎರಡು ಯಂತ್ರಗಳಿಗೆ ಒಂದೇ ಸಂಖ್ಯೆ ಕೊಟ್ಟರೆ ಜಗಳ ತಪ್ಪಿದ್ದಲ್ಲ. ಸರಪಳಿಯ ಕೊನೆಗೆ ‘ಟರ್ಮಿನೇಟರ್’ ಇರಲೇಬೇಕು. ಗೋಡೆಗೆ ಕಟ್ಟಿದ ಹಗ್ಗವನ್ನು ಅಲುಗಿಸಿದರೆ ಅಲೆ ತುದಿ ಮುಟ್ಟಿ ಹಿಂದಿರುಗುವುದಿಲ್ಲವೆ? ವಿದ್ಯುತ್ ಸಂಕೇತವೂ ಹಾಗೆಯೇ ಹಿಂದಿರುಗಿ ಗೊಂದಲ ಮಾಡದಂತೆ ಅದು ತಡೆಯುತ್ತದೆ. ಮೊದಲು ಸ್ಕ್ಯಾನರಿಗೆ ವಿದ್ಯುತ್ ಕೊಟ್ಟು, ಆಮೇಲೆ ಗಣಕವನ್ನು ಆರಂಭಿಸಬೇಕು.

1996ರಲ್ಲಿ ಯುಎಸ್‌ಬಿ ಬಂದ ಮೇಲೆ ಈ ರಗಳೆಗಳನ್ನು ಜನ ಮರೆತರು. 2001ರ ಎಲ್‌ಎಸ್-40 ಯುಎಸ್‌ಬಿಯದೇ. ಇಂದಿನ ಗಣಕಕ್ಕೂ ಅದರ ತಂತಿ ಸಿಕ್ಕಿಸಬಹುದು. ಆದರೆ ನಿಕಾನಿನ ಸ್ವಂತ ತಂತ್ರಾಂಶ 32 ಬಿಟ್ಟಿನ ವಿಸ್ಟಾದ ಕಾಲಕ್ಕೇ ನಿಂತುಹೋಯಿತು. ತಯಾರಿಸಿದವರೇ ಕೈಬಿಟ್ಟ ಯಂತ್ರಕ್ಕೆ ಹೊರಗಿನವರು ಆಸರೆಯಾದದ್ದು ವಿಶೇಷ. 1998ರಿಂದ ಬರುತ್ತಿರುವ ವ್ಯೂಸ್ಕ್ಯಾನ್ ಹಣ ಕೊಟ್ಟು ಕೊಳ್ಳುವಂಥದು. ಲಿನಕ್ಸಿನ ‘ಸೇನ್’ ಉಚಿತ.

ಸ್ಕಜಿ ಯಂತ್ರವಿದ್ದರೆ, ಪಿಸಿಐ ಕಿಂಡಿಯಿರುವ ಹಳೆಯ ಗಣಕವೊಂದನ್ನು ವಿಂಡೋಸ್ ಎಕ್ಸ್‌ಪಿ ಸಹಿತ ಇದೊಂದೇ ಕೆಲಸಕ್ಕೆ ಮೀಸಲಿಡುವುದೇ ಲೇಸೆಂದು ನಮ್ಮ ಅಭಿಪ್ರಾಯ. ಅದಕ್ಕೆ ಅಂತರ್ಜಾಲ ಬೇಡ. ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ಸಾಗಿಸಿದರಾಯಿತು. ಸ್ಕಜಿಯನ್ನು ಯುಎಸ್‌ಬಿಗೆ ಬದಲಿಸುವ ಪರಿವರ್ತಕಗಳನ್ನು ಸ್ಕ್ಯಾನರಿನ ಮಟ್ಟಿಗೆ ನಂಬುವಂತಿಲ್ಲ. ಕಾರ್ಡು, ಕೇಬಲುಗಳಿಗೆ ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಬಹುದು.

ಇನ್ನೊಂದು ಮಾತು. ಈ ಯಂತ್ರಗಳಲ್ಲಿ ಅವಗೆಂಪು ಕಿರಣದಿಂದ ಧೂಳು, ಗೀರುಗಳನ್ನು ಗುರುತಿಸಿ ಅಳಿಸುವ ‘ಐಸ್’ ಎಂಬ ಸೌಕರ್ಯವಿದೆ. ಬಣ್ಣದ ನೆಗೆಟಿವ್‌ಗಳಿಗೆ ಇದು ವರದಾನ. ಕಪ್ಪುಬಿಳುಪಿಗೆ ಮಾತ್ರ ನಿಷ್ಪ್ರಯೋಜಕ, ಏಕೆಂದರೆ ಅದರಲ್ಲಿನ ಬೆಳ್ಳಿಯೇ ಆ ಕಿರಣವನ್ನು ತಡೆದುಬಿಡುತ್ತದೆ. ನಮ್ಮ ಹಿರಿಯರ ಚಿತ್ರಗಳಲ್ಲಿ ಬಹುಪಾಲು ಕಪ್ಪುಬಿಳುಪೇ. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ ‘ಇಂದು’ ಫಿಲ್ಮನ್ನು ಬಳಸಿದವರು ನಮ್ಮಲ್ಲೂ ಇದ್ದಾರೆ. ಅಲ್ಲಿ ಮೃದುವಾದ ಕುಂಚದಿಂದ ಧೂಳು ಒರೆಸುವುದೇ ಗತಿ. ಆಗ್ಫಾ ಕ್ಲಿಕ್-3ರ ದೊಡ್ಡ ಚೌಕ ನೆಗೆಟಿವ್‌ಗಳಂತೂ 35 ಮಿಲಿಮೀಟರಿನ ಈ ಯಂತ್ರಗಳ ಬಾಯಿಗೆ ಹಿಡಿಸುವುದೇ ಇಲ್ಲ. ಪಾರದರ್ಶಕ ಫಿಲ್ಮಿಗೆ ಮುಚ್ಚಳದಲ್ಲಿ ದೀಪವಿರುವ ಚಪ್ಪಟೆ ಸ್ಕ್ಯಾನರು ಬೇಕು.

ಮೊದಲ ಸರದಿ ವಿನಿಗರಿನ ವಾಸನೆ ಹಿಡಿದ ಸುರುಳಿಗಳದು. ಆ ವಾಸನೆಯ ಆಮ್ಲ ಪಕ್ಕದ ಸುರುಳಿಗೂ ತಗಲುವುದರಿಂದ ಅವನ್ನು ಇಂದೇ ಬೇರೆ ಡಬ್ಬಿಗೆ ಹಾಕಿರಿ. ಚಿತ್ರ ಪರದೆಯ ಮೇಲೆ ಮೂಡಿದಾಗ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಎಡದಿಂದ ಬಲಕ್ಕೆ ಯಾರು ಯಾರೆಂದು ಕೇಳಿ ಬರೆದುಕೊಳ್ಳಿರಿ. ಅದನ್ನು ಯಾವ ಸ್ಕ್ಯಾನರೂ ಓದಲಾರದು.