ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡೋದು ಹೇಗೆ? ಯುಜಿಡಿ ಬಂದಾಗ ಮನೆಯವರು ಮಾಡಬೇಕಾದ್ದೇನು?

ಚಾಮರಾಜನಗರ: ಮನೆ ಕಟ್ಟುವಾಗ ಸಂಪಿನ ಅಳತೆಗೆ, ಕಿಟಕಿಯ ದಿಕ್ಕಿಗೆ ತಲೆ ಕೆಡಿಸಿಕೊಳ್ಳುವವರು ಶೌಚಾಲಯದ ಗುಂಡಿ ವಿಚಾರ ಬಂದರೆ ‘ಹತ್ತು ರಿಂಗ್ ಇಳಿಸಿಬಿಡಿ’ ಅಂತ ಮೇಸ್ತ್ರಿಗೆ ಬಿಟ್ಟುಬಿಡುತ್ತಾರೆ. ಆ ಗುಂಡಿ ಮತ್ತೆ ನೆನಪಾಗುವುದು ಅದು ತುಂಬಿ ಉಕ್ಕಿದಾಗಲೇ. ಚಾಮರಾಜನಗರ ನಗರಸಭೆ, ಗುಂಡ್ಲುಪೇಟೆ ಪುರಸಭೆ ವ್ಯಾಪ್ತಿಯ ಮನೆಯವರಾಗಲಿ, ಸುತ್ತಲಿನ ಹಳ್ಳಿಯವರಾಗಲಿ ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

ಟ್ಯಾಂಕೋ, ಬರೀ ಗುಂಡಿಯೋ?

ಸಿಮೆಂಟ್ ರಿಂಗ್ ಇಳಿಸಿ, ತಳಕ್ಕೆ ಕಾಂಕ್ರೀಟ್ ಹಾಕದೆ ಬಿಟ್ಟಿದ್ದು ಸೆಪ್ಟಿಕ್ ಟ್ಯಾಂಕ್ ಅಲ್ಲ, ಅದು ಪಿಟ್ ಗುಂಡಿ. ಅದರ ನೀರು ನೇರವಾಗಿ ಮಣ್ಣಿಗೆ ಇಳಿಯುತ್ತದೆ. ಸೆಪ್ಟಿಕ್ ಟ್ಯಾಂಕ್ ಅಂದರೆ ತಳ, ಗೋಡೆ ಎರಡೂ ಸೋರದಂತೆ ಕಟ್ಟಿದ ತೊಟ್ಟಿ. ಐದು ಜನರ ಮನೆಗೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ ಇರಬೇಕು, ಒಳಗೆ ಒಂದು ಮೀಟರ್ ನೀರು ನಿಲ್ಲಬೇಕು ಎನ್ನುತ್ತದೆ ಭಾರತೀಯ ಮಾನಕ ಐಎಸ್ 2470. ನೀರಿನ ಮಟ್ಟದ ಮೇಲೆ ಒಂದು ಅಡಿಯಷ್ಟು ಖಾಲಿ ಜಾಗ, ಅನಿಲ ಹೊರಹೋಗಲು ಎತ್ತರದ ಪೈಪು ಬೇಕು.

ಒಳಗೆ ಏನಾಗುತ್ತೆ?

ಟ್ಯಾಂಕಿಗೆ ಬಂದ ಹೊಲಸು ಮೂರು ಪದರವಾಗುತ್ತದೆ. ಭಾರದ್ದು ತಳಕ್ಕೆ ಕೂತು ಕೆಸರಾಗುತ್ತದೆ. ಎಣ್ಣೆ, ಜಿಡ್ಡು ಮೇಲೆ ಕೆನೆಯಂತೆ ತೇಲುತ್ತದೆ. ನಡುವಿನ ನೀರು ಹೊರಗಿನ ಪೈಪಿನಿಂದ ಇಂಗುಗುಂಡಿಗೆ ಹೋಗುತ್ತದೆ. ಗಾಳಿ ಇಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾಗಳು ಕೆಸರನ್ನು ನಿಧಾನಕ್ಕೆ ಕರಗಿಸುತ್ತವೆ. ಫಿನಾಯಿಲ್, ಆಸಿಡ್ ಹೆಚ್ಚು ಸುರಿದರೆ ಈ ಕೆಲಸವೇ ನಿಂತುಹೋಗುತ್ತದೆ.

ಆದರೆ ಟ್ಯಾಂಕ್ ಮಾಡುವುದು ಅರ್ಧ ಕೆಲಸ ಮಾತ್ರ. ಅದರಿಂದ ಹೊರಬರುವ ನೀರು ನೋಡಲು ತಿಳಿಯಾಗಿದ್ದರೂ ರೋಗಾಣುಗಳು ಅದರಲ್ಲೇ ಇರುತ್ತವೆ. ಉಳಿದರ್ಧ ಶುದ್ಧೀಕರಣ ಮಣ್ಣಿನಲ್ಲಿ ಆಗಬೇಕು. ಹಾಗಾಗಿ ಈ ನೀರನ್ನು ರಸ್ತೆ ಬದಿ ಚರಂಡಿಗೆ ಬಿಡುವುದು ತಪ್ಪು.

ಬೋರ್‌ವೆಲ್‌ಗೆ ಎಷ್ಟು ದೂರ?

ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ನಿಂದ ಇಂಗುಗುಂಡಿ ಕನಿಷ್ಠ 18 ಮೀಟರ್ ಅಂದರೆ ಸುಮಾರು 60 ಅಡಿ ದೂರ ಇರಬೇಕು. 30×40 ಸೈಟಿನಲ್ಲಿ ಇದು ಸಾಧ್ಯವೇ ಇಲ್ಲ. ನಮ್ಮ ಗುಂಡಿ ನಮ್ಮ ಬೋರ್‌ನಿಂದ ದೂರ ಹೋದರೆ ಪಕ್ಕದ ಮನೆಯವರ ಬೋರ್‌ಗೆ ಹತ್ತಿರ ಬರುತ್ತದೆ. ನಮ್ಮ ಕಡೆ ಮಣ್ಣಿನ ಕೆಳಗೆ ಗಟ್ಟಿ ಬಂಡೆ. ಬಂಡೆಯ ಬಿರುಕಿಗೆ ಸೇರಿದ ಕೊಳಕು ನೀರು ಸೋಸದೆ ಬಹುದೂರ ಹರಿಯಬಲ್ಲದು. ಜಿಗುಟಾದ ಎರೆ ಮಣ್ಣಿದ್ದ ಕಡೆ ಕಥೆ ಬೇರೆ, ಅಲ್ಲಿ ನೀರು ಇಂಗೋದೇ ಕಷ್ಟ. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಗುಂಡಿ ಉಕ್ಕುವುದು ಇದಕ್ಕೇ.

ಮಲದ ನೀರು ಸೇರಿದ ಬೋರ್‌ವೆಲ್‌ನಲ್ಲಿ ನೈಟ್ರೇಟ್ ಹೆಚ್ಚುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ, ಎಳೆ ಕೂಸುಗಳಿಗಂತೂ ಅಪಾಯ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗಲ್ಲ. ನೀರನ್ನು ಪರೀಕ್ಷೆ ಮಾಡಿಸುವುದೊಂದೇ ದಾರಿ.

ಗುಂಡಿಗೆ ಯಾರನ್ನೂ ಇಳಿಸಬೇಡಿ

‘ಹದಿನೈದು ವರ್ಷದಿಂದ ನಮ್ಮ ಗುಂಡಿ ತುಂಬೇ ಇಲ್ಲ’ ಅನ್ನುವುದು ಹೆಮ್ಮೆಯ ಮಾತಲ್ಲ. ಅದು ನೆಲಕ್ಕೆ ಸೋರುತ್ತಿದೆ ಎಂದೇ ಅರ್ಥ. ಸರಿಯಾದ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಯಂತ್ರದಿಂದ ಖಾಲಿ ಮಾಡಿಸಬೇಕು.

ಕೂಲಿ ಕೊಟ್ಟು ಆಳನ್ನು ಇಳಿಸುವುದು ಅಪರಾಧ. ಒಳಗಿನ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ನಿಮಿಷದೊಳಗೆ ಪ್ರಜ್ಞೆ ತಪ್ಪುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಸಾಯುತ್ತಾರೆ. ರಕ್ಷಣಾ ಸಲಕರಣೆ ಇಲ್ಲದೆ ಇಳಿಸಿದವರಿಗೆ 2013ರ ಕಾಯ್ದೆಯಡಿ ಮೊದಲ ಬಾರಿಗೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಒಳಚರಂಡಿ ಸ್ವಚ್ಛ ಮಾಡುವಾಗ ಸತ್ತವರ ಕುಟುಂಬಕ್ಕೆ 30 ಲಕ್ಷ ರೂ. ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಸಕ್ಕಿಂಗ್ ಗಾಡಿ ಲೋಡು ಎಲ್ಲಿಗೆ?

ಗಾಡಿಯವರಿಗೆ ಈ ಪ್ರಶ್ನೆ ಕೇಳಲೇಬೇಕು. ಕೆರೆ, ಹಳ್ಳಕ್ಕೆ ಸುರಿದರೆ ಮನೆಯ ಹೊಲಸು ಊರಿನ ನೀರಿಗೆ ಸೇರಿದಂತೆ. ಗುಂಡ್ಲುಪೇಟೆಯ ಗುಂಡ್ಲು ಹೊಳೆಗೆ ಬಿದ್ದದ್ದು ನಂಜನಗೂಡಿನ ಬಳಿ ಕಬಿನಿ ಸೇರುತ್ತದೆ. ಈರುಳ್ಳಿ, ತರಕಾರಿ ಬೆಳೆಯುವ ಜಮೀನಿಗೆ ಹಸಿ ಮಲವನ್ನು ಹಾಕಿದರೆ ಜಂತುಹುಳುವಿನ ಮೊಟ್ಟೆ ಮತ್ತೆ ತಟ್ಟೆಗೇ ಬರುತ್ತದೆ.

ಯುಜಿಡಿ ಇಲ್ಲದ ಊರಿಗೂ ದಾರಿ ಇದೆ. ದೇವನಹಳ್ಳಿಯಲ್ಲಿ 2015ರಲ್ಲೇ ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುವಾಯಿತು. ಸಕ್ಕಿಂಗ್ ಗಾಡಿಗಳು ತಂದದ್ದನ್ನು ಅಲ್ಲಿ ಸಂಸ್ಕರಿಸಿ, ಒಣಗಿಸಿ ಗೊಬ್ಬರ ಮಾಡಲಾಗುತ್ತದೆ.

ಯುಜಿಡಿ ಸಂಪರ್ಕ ಪಡೆಯುವಾಗ

ರಸ್ತೆಯಲ್ಲಿ ಪೈಪು ಹೂತ ಮಾತ್ರಕ್ಕೆ ಕೆಲಸ ಮುಗಿಯಲ್ಲ. ಮನೆ ಸಂಪರ್ಕ ಆದಾಗಲೇ ಅದಕ್ಕೆ ಬೆಲೆ. ಗಮನಿಸಬೇಕಾದ್ದು ಇಷ್ಟು:

* ನಗರಸಭೆ ಅಥವಾ ಪುರಸಭೆಗೆ ಅರ್ಜಿ ಕೊಟ್ಟೇ ಸಂಪರ್ಕ ಪಡೆಯಿರಿ. ಬೇಕಾದ ದಾಖಲೆ, ಶುಲ್ಕ, ರಸ್ತೆ ಅಗೆಯುವ ಅನುಮತಿ ಬಗ್ಗೆ ಮೊದಲೇ ವಿಚಾರಿಸಿ.
* ಮ್ಯಾನ್‌ಹೋಲ್ ಒಡೆದು ನೀವೇ ಪೈಪು ತೂರಿಸಬೇಡಿ. ಕಾಂಪೌಂಡ್ ಒಳಗೆ ಒಂದು ಚೇಂಬರ್ ಕಟ್ಟಿಸಿ, ಪೈಪು ಕಟ್ಟಿಕೊಂಡರೆ ಅಲ್ಲೇ ಸರಿಮಾಡಬಹುದು.
* ನಾಲ್ಕು ಇಂಚಿನ ಪೈಪಿಗೆ ಸುಮಾರು 60 ಅಡಿಗೆ ಒಂದು ಅಡಿ ಇಳಿಜಾರು ಕೊಡಿ.
* ಶೌಚಾಲಯದ ಪೈಪನ್ನು ಹಳೇ ಟ್ಯಾಂಕ್ ಮೂಲಕ ಬಿಡದೆ ನೇರವಾಗಿ ಜೋಡಿಸಿ.
* ತಾರಸಿಯ ಮಳೆ ನೀರನ್ನು ಯುಜಿಡಿಗೆ ಬಿಡಲೇಬೇಡಿ. ಜೋರು ಮಳೆಗೆ ತಗ್ಗಿನ ಬೀದಿಯವರ ಮನೆಯೊಳಗೆ ಹೊಲಸು ಉಕ್ಕುವುದು ಇದರಿಂದಲೇ.
* ಹಳೇ ಟ್ಯಾಂಕನ್ನು ಯಂತ್ರದಿಂದ ಖಾಲಿ ಮಾಡಿಸಿ, ಸುಣ್ಣ ಹಾಕಿ, ಮಣ್ಣು ತುಂಬಿಸಿ. ಚಪ್ಪಡಿ ಮುಚ್ಚಿ ಮರೆತುಬಿಟ್ಟರೆ ಅದು ಕುಸಿದು, ಮೇಲೆ ಆಡುವ ಮಕ್ಕಳ ಜೀವಕ್ಕೇ ಕುತ್ತು.

ಯುಜಿಡಿ ಇನ್ನೂ ಬರದ ಬೀದಿಯವರು ಈ ವಾರವೇ ಮಾಡಬಹುದಾದ ಕೆಲಸವೂ ಒಂದಿದೆ. ಗುಂಡಿಯಿಂದ ಬೋರ್‌ವೆಲ್‌ಗೆ ಎಷ್ಟು ಅಡಿ ಅಂತ ಟೇಪ್ ಹಿಡಿದು ಅಳೆಯಿರಿ. 60ಕ್ಕಿಂತ ಕಡಿಮೆ ಬಂದರೆ ಆ ನೀರು ಕುಡಿಯುವ ಮೊದಲು ಪರೀಕ್ಷೆ ಮಾಡಿಸಿ.