ಗೋಡೆಯಿಲ್ಲದ ಎಕ್ಸ್-ರೇ ಕೋಣೆ

2021ರ ಏಪ್ರಿಲ್ 21ರಂದು ನಾಸಿಕ್‌ನ ಡಾ. ಝಾಕಿರ್ ಹುಸೇನ್ ಆಸ್ಪತ್ರೆಯಲ್ಲಿ ಆಮ್ಲಜನಕದ ಟ್ಯಾಂಕ್ ಸೋರಿ ಪೂರೈಕೆ ಕಡಿದಾಗ 20ಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರು. ಕೊಳವೆ ತಪ್ಪಿದರೆ ಉಸಿರೇ ತಪ್ಪುವಂಥ ರೋಗಿಯನ್ನು ಎಕ್ಸ್-ರೇ ಕೋಣೆಗೆ ಒಯ್ಯುವುದು ಹೇಗೆ? ಕೋವಿಡ್ ಕಾಲದಲ್ಲಿ ನಾಸಿಕ್, ಆಗಿನ್ನೂ ಔರಂಗಾಬಾದ್ ಎನಿಸಿಕೊಂಡಿದ್ದ ಛತ್ರಪತಿ ಸಂಭಾಜಿನಗರ, ಹೀಗೆ ದೇಶದ ಎಲ್ಲೆಡೆ ಇದಕ್ಕಿದ್ದ ಉತ್ತರ ಒಂದೇ: ಚಕ್ರದ ಮೇಲಿನ ಯಂತ್ರವೇ ಹಾಸಿಗೆಯ ಬಳಿಗೆ ಹೋಗುವುದು. ಅದನ್ನು ತಳ್ಳಿಕೊಂಡು ಹೋಗುತ್ತಿದ್ದವರು ಎಕ್ಸ್-ರೇ ಟೆಕ್ನಿಷಿಯನ್ನರು. ಕೋಣೆಯ ದಪ್ಪ ಗೋಡೆ, ಸೀಸದ ಬಾಗಿಲು ಮಾತ್ರ ಅವರ ಜೊತೆ ಹೋಗುವಂತಿರಲಿಲ್ಲ.

ಈ ಸಂಚಾರಿ ಯಂತ್ರ ಹೊಸದಲ್ಲ. ರಾಂಟ್ಗನ್ ಕಿರಣಗಳನ್ನು ಕಂಡದ್ದು 1895ರ ನವೆಂಬರ್‌ನಲ್ಲಿ. ಎರಡೇ ವರ್ಷದಲ್ಲಿ, 1897-98ರ ತಿರಾ ದಂಡಯಾತ್ರೆಯ ಹೊತ್ತಿಗೆ, ಬ್ರಿಟಿಷ್ ಸೇನಾವೈದ್ಯ ಬೀವರ್ ಅದನ್ನು ವಾಯವ್ಯ ಗಡಿಯ ಬೆಟ್ಟಗಳಿಗೆ ಸಾಗಿಸಿ ಗಾಯಾಳುಗಳ ಮೈಯೊಳಗಿನ ಗುಂಡು ಹುಡುಕಿದ. ಮೊದಲ ಮಹಾಯುದ್ಧದಲ್ಲಿ ಮೇರಿ ಕ್ಯೂರಿ ಎಕ್ಸ್-ರೇ ವಾಹನಗಳನ್ನು ರಣರಂಗದ ಹತ್ತಿರಕ್ಕೆ ಒಯ್ದರು.

ಇದರ ಬೆಲೆ ತೆತ್ತವರು ಯಂತ್ರದ ಪಕ್ಕ ನಿಂತವರು. ಎಡಿಸನ್‌ನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ತನ್ನ ಕೈಗಳನ್ನೇ ಕಿರಣಕ್ಕೊಡ್ಡಿ ಪರೀಕ್ಷೆ ಮಾಡುತ್ತಿದ್ದ. ಕೈ ಕತ್ತರಿಸಿದರೂ ಉಳಿಯಲಿಲ್ಲ, 1904ರಲ್ಲಿ ಸತ್ತ. ಹೀಗೆ ಸತ್ತ 169 ಮಂದಿಯ ಹೆಸರುಗಳನ್ನು ಹೊತ್ತ ಸ್ಮಾರಕ 1936ರಲ್ಲಿ ಹ್ಯಾಂಬರ್ಗ್‌ನಲ್ಲಿ ಎದ್ದಿತು. ಅದಕ್ಕೂ ಮೊದಲೇ, 1928ರಲ್ಲಿ, ರಕ್ಷಣೆಯ ನಿಯಮಗಳಿಗೆಂದು ಸ್ಟಾಕ್‌ಹೋಮ್‌ನಲ್ಲಿ ಅಂತರರಾಷ್ಟ್ರೀಯ ಸಮಿತಿ ಹುಟ್ಟಿತ್ತು.

ಭಾರತದಲ್ಲಿ 1962ರ ಪರಮಾಣು ಶಕ್ತಿ ಕಾಯ್ದೆಯ ಅಡಿಯಲ್ಲಿ ನಿಯಮಗಳು ಬಂದವು. 1983ರಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಸ್ಥಾಪನೆಯಾಯಿತು. ವಿಕಿರಣದ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿ. ಸಾರ್ವಜನಿಕರಿಗೆ ವರ್ಷಕ್ಕೆ 1. ಎದೆಯ ಮೇಲಿನ ಟಿಎಲ್‌ಡಿ ಬ್ಯಾಡ್ಜ್ ಈ ಲೆಕ್ಕ ಇಡುತ್ತದೆ. ಆದರೆ ಬ್ಯಾಡ್ಜ್ ಅಳೆಯುತ್ತದೆ, ಕಾಯುವುದಿಲ್ಲ. ಡ್ರಾಯರಿನಲ್ಲಿ ಬಿಟ್ಟು ಬಂದರೆ ಅಳೆಯುವುದೂ ಇಲ್ಲ.

ವಾರ್ಡಿನಲ್ಲಿ ಕಾಯುವುದು ಸೀಸದ ಏಪ್ರನ್ ಮತ್ತು ದೂರ. ಟೆಕ್ನಿಷಿಯನ್‌ಗೆ ಹೆಚ್ಚಾಗಿ ತಗಲುವುದು ರೋಗಿಯ ಮೈಯಿಂದ ಚದುರಿ ಬರುವ ಕಿರಣ. ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿದರೆ ಅದು ಸುಮಾರು ಕಾಲು ಪಾಲಿಗೆ ಇಳಿಯುತ್ತದೆ. ಯಂತ್ರದ ಸ್ವಿಚ್ಚಿಗೆ ಉದ್ದನೆಯ ವೈರ್ ಇರುವುದು ಇದಕ್ಕಾಗಿಯೇ. ಒಂದು ಎದೆಯ ಚಿತ್ರದಿಂದ ತಗಲುವುದು ಅತ್ಯಲ್ಪ. ಆದರೆ ರೋಗಿಗೆ ಅದು ಒಂದು ಚಿತ್ರ, ಟೆಕ್ನಿಷಿಯನ್‌ಗೆ ಆ ಪಾಳಿಯ ಹಲವು ಚಿತ್ರಗಳಲ್ಲಿ ಒಂದು. ಆದ್ದರಿಂದಲೇ ರೋಗಿಯನ್ನು ಹಿಡಿದುಕೊಳ್ಳುವ ಕೆಲಸ ದಿನವೂ ಅವರ ಪಾಲಿಗೆ ಬರಬಾರದು ಎನ್ನುತ್ತದೆ ನಿಯಮ.

ಗುಂಡಿ ಒತ್ತುವ ಮುನ್ನ 'ಎಕ್ಸ್-ರೇ, ದೂರ ಸರಿಯಿರಿ' ಎಂದು ಕೂಗಿ, ಪಕ್ಕದವರನ್ನು ಸರಿಸಿ, ತಾನೂ ಹಿಂದೆ ಸರಿಯಲು ಕೆಲವೇ ಸೆಕೆಂಡು ಸಾಕು. ತುಂಬಿದ ವಾರ್ಡಿನ ಅವಸರದಲ್ಲಿ ಮೊದಲು ಕಳೆದುಹೋಗುವುದೂ ಆ ಸೆಕೆಂಡುಗಳೇ. ಆ ಹೊತ್ತಿನಲ್ಲಿ ದೂರವೇ ಗೋಡೆ. ಅದನ್ನು ಪ್ರತಿ ಚಿತ್ರಕ್ಕೂ ಹೊಸದಾಗಿ ಕಟ್ಟಬೇಕು.