ಊಟದ ಮೂಳೆಯಲ್ಲಿ ಕಟ್ಟಿದ ಯುದ್ಧನೌಕೆ

ಇವತ್ತು ಒಂದು ಹಡಗಿನ ಕಥೆ. ನೀರಿಗೆ ಇಳಿಯದೇ ಇದ್ದ ಹಡಗು. ಉದ್ದ ಎಷ್ಟು ಅಂದ್ರೆ, ನಿಮ್ಮ ಮೊಣಕೈಯಿಂದ ಬೆರಳ ತುದಿವರೆಗೆ, ಅಷ್ಟೇ. ಮೂರು ಹಾಯಿಕಂಬ, ಎರಡೂ ಪಕ್ಕದಲ್ಲಿ ಸಾಲುಸಾಲು ಫಿರಂಗಿ, ಜೇಡರ ಬಲೆ ಥರ ಹಗ್ಗಗಳು. ಹಿಂಭಾಗದಲ್ಲಿ ಒಂದು ಸಣ್ಣ ದಾರ ಇಳಿಬಿದ್ದಿರುತ್ತೆ. ಅದನ್ನ ಎಳೆದರೆ ಫಿರಂಗಿಗಳೆಲ್ಲ ಒಟ್ಟಿಗೆ ಒಳಗೆ ಸರಿಯುತ್ತವೆ. ಬಿಟ್ಟರೆ ಒಳಗಿರೋ ಸ್ಪ್ರಿಂಗ್ ತಳ್ಳಿ ಮತ್ತೆ ಹೊರಗೆ ಇಣುಕುತ್ತವೆ.

ಹಡಗಿನ ಒಳಗಿನ ಒಡಲು ಮರದ್ದು. ಮೇಲೆ ಹೊದಿಸಿರೋ ಹಲಗೆ ಮಾತ್ರ ಮರ ಅಲ್ಲ, ಮೂಳೆ. ಊಟ ಆದಮೇಲೆ ತಟ್ಟೆಯಲ್ಲಿ ಉಳಿದ ದನದ, ಕುರಿಯ ಮೂಳೆ. ಇದನ್ನ ಮಾಡಿದವರು ಜೈಲಿನಲ್ಲಿದ್ದರು.

ಕಾಲ ಯಾವುದು ಅಂತ ಗುರುತು ಸಿಗೋಕೆ ಒಂದು ಮಾತು. ನಮ್ಮ ಶ್ರೀರಂಗಪಟ್ಟಣ ಬಿದ್ದಿದ್ದು 1799ರಲ್ಲಿ. ಟಿಪ್ಪು ಫ್ರೆಂಚರ ನೆರವು ಬರುತ್ತೆ ಅಂತ ಕಾಯ್ತಿದ್ದ, ಬ್ರಿಟಿಷರಿಗೂ ಅದೇ ಭಯ ಇತ್ತು, ಇದು ನೀವು ಶಾಲೆಯಲ್ಲೇ ಓದಿದ್ದೀರಿ. ಅದೇ ಬ್ರಿಟನ್, ಅದೇ ಫ್ರಾನ್ಸ್, ಆಗ ಯೂರೋಪಿನಲ್ಲೂ ಹೊಡೆದಾಡ್ತಾ ಇದ್ದವು. ಸಮುದ್ರದಲ್ಲಿ ಫ್ರೆಂಚ್ ಹಡಗು ಸೋತಾಗಲೆಲ್ಲ ಅದರಲ್ಲಿದ್ದ ನಾವಿಕರು ಬ್ರಿಟನ್ನಿಗೆ ಯುದ್ಧಕೈದಿಗಳಾಗಿ ಬಂದಿಳಿಯುತ್ತಿದ್ದರು. ಇಷ್ಟು ಜನರನ್ನ ಎಲ್ಲಿ ಇಡೋದು? ಹಳೇ ಕೋಟೆಗಳು ತುಂಬಿದವು. ಹಾಯಿ ಕಿತ್ತು ಬಂದರಿನಲ್ಲಿ ನಿಲ್ಲಿಸಿದ್ದ ಮುದಿ ಹಡಗುಗಳೂ ತುಂಬಿದವು. ಆಗ ಇಂಗ್ಲೆಂಡಿನ ಪೀಟರ್‌ಬರೋ ಊರಿನ ಹತ್ತಿರ, ಕರಾವಳಿಯಿಂದ ದೂರ, ನಾರ್ಮನ್ ಕ್ರಾಸ್ ಅನ್ನೋ ಜಾಗದಲ್ಲಿ ಒಂದು ದೊಡ್ಡ ಮರದ ಶಿಬಿರ ಕಟ್ಟಿದರು. 1797ರಲ್ಲಿ ಅದು ತೆರೆಯಿತು. ಯುದ್ಧಕೈದಿಗಳಿಗೆ ಅಂತಲೇ ಕಟ್ಟಿದ ಪ್ರಪಂಚದ ಮೊದಲ ಶಿಬಿರ ಇದು ಅಂತ ಹೇಳ್ತಾರೆ. ಸಾವಿರಾರು ಜನ, ಮರದ ಬೇಲಿ, ಸಾಲುಸಾಲು ಜೋಲಿ ಹಾಸಿಗೆ. 1800-1801ರ ಚಳಿಗಾಲದಲ್ಲಿ ಟೈಫಸ್ ಜ್ವರ ಹಬ್ಬಿ ಸಾವಿರಕ್ಕೂ ಹೆಚ್ಚು ಜನ ಸತ್ತರು.

ಮೊದಮೊದಲು ಎರಡೂ ಕಡೆಯವರು ಕೈದಿಗಳನ್ನ ಅದಲುಬದಲು ಮಾಡ್ಕೊಳ್ತಿದ್ದರು. 1802ರಲ್ಲಿ ಶಾಂತಿ ಒಪ್ಪಂದ ಆಗಿ ಶಿಬಿರ ಖಾಲಿಯೂ ಆಯ್ತು. ಆದರೆ 1803ರಲ್ಲಿ ಮತ್ತೆ ಯುದ್ಧ ಶುರುವಾದಾಗ ಈ ಅದಲುಬದಲು ಹೆಚ್ಚುಕಡಿಮೆ ನಿಂತೇಹೋಯ್ತು. ಇದರ ಅರ್ಥ ಏನು ಗೊತ್ತಾ? 1803ರಲ್ಲಿ ಸಿಕ್ಕಿಬಿದ್ದ ಹದಿನೆಂಟರ ಹುಡುಗ 1814ರಲ್ಲಿ ಬಿಡುಗಡೆ ಆಗುವಾಗ ಅವನಿಗೆ ಇಪ್ಪತ್ತೊಂಬತ್ತು. ಹನ್ನೊಂದು ವರ್ಷ. ಯಾವಾಗ ಬಿಡ್ತಾರೆ ಅಂತ ಹೇಳೋರು ಯಾರೂ ಇಲ್ಲ. ಶಿಕ್ಷೆಯ ಅವಧಿ ಅಂತ ಇದ್ದರೆ ಗೋಡೆ ಮೇಲೆ ಗೀರು ಎಳೆದು ಎಣಿಸಬಹುದು. ಇಲ್ಲಿ ಎಣಿಸೋಕೆ ಕೊನೆಯೇ ಇಲ್ಲ. ಎಷ್ಟೋ ಜನ ಜೂಜಾಡಿ ಮೈಮೇಲಿನ ಬಟ್ಟೆ, ನಾಳೆಯ ಊಟ ಎಲ್ಲ ಸೋತು ಹಾಳಾದರು.

ಇನ್ನು ಕೆಲವರು ಮೂಳೆ ಕೂಡಿಟ್ಟರು.

ಶಿಬಿರದ ಗೇಟಿನ ಹತ್ತಿರ ಸಂತೆ ನಡೀತಿತ್ತು. ಕೈದಿಗಳು ತಾವು ಮಾಡಿದ ಸಾಮಾನನ್ನ ಸುತ್ತಲಿನ ಊರಿನವರಿಗೆ ಮಾರಬಹುದಿತ್ತು. ಬಂದ ಹಣದಲ್ಲಿ ತರಕಾರಿ, ತಂಬಾಕು, ಬಟ್ಟೆ. ಆದರೆ ಏನು ಬೇಕಾದರೂ ಮಾಡಿ ಮಾರೋ ಹಾಗಿರಲಿಲ್ಲ. ಹುಲ್ಲು ಹೆಣೆದು ಟೋಪಿಗೆ ಬೇಕಾದ ಪಟ್ಟಿ ಮಾಡಿದರೆ, ‘ನಮ್ಮ ಹೊಟ್ಟೆ ಮೇಲೆ ಹೊಡೀತಾರೆ’ ಅಂತ ಸ್ಥಳೀಯ ಹೆಣಿಗೆಯವರ ಗಲಾಟೆ. ಅದಕ್ಕೆ ನಿಷೇಧ ಬಿತ್ತು, ಕದ್ದು ಸಾಗಿಸೋದೂ ಶುರುವಾಯ್ತು. ಮೂಳೆಯ ಹಡಗಿಗೆ ಅಂಥ ತಕರಾರು ಇರಲಿಲ್ಲ. ಅದನ್ನ ಮಾಡೋರು ಆ ಊರಲ್ಲಿ ಬೇರೆ ಯಾರಿದ್ದರು?

ಕೆಲಸ ಹೀಗೆ. ಮೂಳೆಯನ್ನ ಬೇಯಿಸಿ, ಜಿಡ್ಡು ತೆಗೆದು, ಬೆಳ್ಳಗೆ ಮಾಡಬೇಕು. ತೆಳ್ಳಗಿನ ಪಟ್ಟಿಯಾಗಿ ಸೀಳಬೇಕು. ಮೂಳೆ ಚಿಕ್ಕದು, ಅದಕ್ಕೇ ಪಟ್ಟಿಯೂ ಗಿಡ್ಡ. ಒಂದರ ಪಕ್ಕ ಒಂದು ಜೋಡಿಸಿ, ಸಣ್ಣ ಹಿತ್ತಾಳೆ ತಂತಿಯ ಮೊಳೆ ಹೊಡೆದು ಮರದ ಒಡಲಿಗೆ ಕೂರಿಸಬೇಕು. ಹಗ್ಗಕ್ಕೆ ರೇಷ್ಮೆ ಎಳೆ, ಕೂದಲು, ಕೈಗೆ ಸಿಕ್ಕಿದ್ದು. ಇದು ಒಬ್ಬನ ಕೆಲಸ ಅಲ್ಲ. ಫ್ರಾನ್ಸಿನ ದಿಯೆಪ್ ಪಟ್ಟಣ ದಂತದ ಕೆತ್ತನೆಗೆ ಹೆಸರಾಗಿತ್ತು. ಅಲ್ಲಿಂದ ಸೇನೆಗೆ ಎಳೆದು ತಂದ ಹುಡುಗರೂ ಕೈದಿಗಳಲ್ಲಿ ಇದ್ದರು ಅಂತ ಹೇಳ್ತಾರೆ. ಕೆತ್ತೋನು ಒಬ್ಬ, ಹಗ್ಗ ಕಟ್ಟೋ ನಾವಿಕ ಇನ್ನೊಬ್ಬ, ಮರಗೆಲಸದೋನು ಮತ್ತೊಬ್ಬ. ಅಂದರೆ ಬೇಲಿಯೊಳಗೆ ಒಂದು ಪುಟ್ಟ ಹಡಗುಕಟ್ಟೆ.

ಕೊಳ್ಳೋರು ಇಂಗ್ಲಿಷರು. ಹಾಗಾಗಿ ಎಷ್ಟೋ ಹಡಗಿಗೆ ಬ್ರಿಟಿಷ್ ಹೆಸರು, ಬ್ರಿಟಿಷ್ ಬಾವುಟ. ತನ್ನನ್ನ ಹಿಡಿದು ತಂದ ನೌಕಾಪಡೆಯ ಹಡಗನ್ನೇ ಕಟ್ಟಿ, ಆ ದೇಶದವರಿಗೇ ಮಾರಿ, ಅದರಲ್ಲಿ ತಿನ್ನೋದು. ಆ ಕೈದಿಗೆ ಏನನ್ನಿಸಿರಬಹುದು? ನನಗಂತೂ ಇಲ್ಲಿ ಮಾತು ನಿಂತುಹೋಗುತ್ತೆ.

ಈಗ ಹಡಗಿನ ಮಾದರಿ ಕಟ್ಟೋ ಹವ್ಯಾಸಿಗಳ ವಿಷಯಕ್ಕೆ ಬರೋಣ. ಪ್ರಪಂಚದಾದ್ಯಂತ ಇಂಥವರು ಇದ್ದಾರೆ. ಬೆನ್ನೆಲುಬಿನ ಥರ ಒಂದು ಹಲಗೆ, ಅಡ್ಡಕ್ಕೆ ಪಕ್ಕೆಲುಬಿನ ಥರ ತುಂಡುಗಳು, ಅದರ ಮೇಲೆ ಬಿಸಿನೀರಲ್ಲಿ ನೆನೆಸಿ ಬಗ್ಗಿಸಿದ ಮರದ ಪಟ್ಟಿ. ಒಂದು ಹಡಗು ಮುಗಿಯೋಕೆ ವರ್ಷಗಳೇ ಬೇಕು. 1920ರ ದಶಕದಲ್ಲಿ ಕ್ಯಾಪ್ಟನ್ ಆರ್ಮಿಟೇಜ್ ಮೆಕ್ಯಾನ್ ಅನ್ನೋರು ಅಮೆರಿಕದಲ್ಲಿ ಸಾಮಾನ್ಯ ಜನರೂ ಮನೆಯಲ್ಲೇ ಕಟ್ಟೋ ಥರ ನಕ್ಷೆಗಳನ್ನ ಪ್ರಕಟಿಸಿದರು, ಕ್ಲಬ್ಬುಗಳು ಹುಟ್ಟಿದವು. 1948ರಲ್ಲಿ ನಾಟಿಕಲ್ ರಿಸರ್ಚ್ ಗಿಲ್ಡ್ ಶುರುವಾಯ್ತು. ಹೆಸರಲ್ಲೇ ರಿಸರ್ಚ್ ಇದೆ ನೋಡಿ. ಇವರಿಗೆ ಅಳತೆ ಅಂದ್ರೆ ಪ್ರಾಣ. ಹಗ್ಗದ ದಪ್ಪ ಒಂಚೂರು ಹೆಚ್ಚಾದರೂ ಬಿಚ್ಚಿ ಮತ್ತೆ ಕಟ್ತಾರೆ. ಅದನ್ನ ಆಡಿಕೊಳ್ಳೋ ಹಕ್ಕು ನನಗಿಲ್ಲ, ನನ್ನ ಮೇಜಿನ ಮೇಲೂ ಒಂದು ಅರ್ಧಂಬರ್ಧ ಹಡಗು ಧೂಳು ತಿಂತಾ ಇದೆ.

ಈ ಅಳತೆಯ ಶಿಸ್ತಿಗೆ ಆದರ್ಶ ಯಾವುದು? ಹದಿನೇಳನೇ ಶತಮಾನದಿಂದ ಬ್ರಿಟನ್ನಿನಲ್ಲಿ ತಯಾರಾದ ‘ನೇವಿ ಬೋರ್ಡ್’ ಮಾದರಿಗಳು. ನಿಜವಾದ ಹಡಗಿನ 48ನೇ ಒಂದು ಭಾಗ ಗಾತ್ರ. ಕೆಳಗಿನ ಅರ್ಧಕ್ಕೆ ಹಲಗೆ ಹೊಡೆಯದೆ ಪಕ್ಕೆಲುಬು ಕಾಣೋ ಹಾಗೆ ಬಿಡ್ತಿದ್ದರು. ನೌಕಾಪಡೆಯ ದೊಡ್ಡ ಅಧಿಕಾರಿಗಳು ಇವನ್ನ ಮನೆಯಲ್ಲಿ ಇಟ್ಕೊಳ್ತಿದ್ದರು. ದಿನಚರಿ ಬರೆದು ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್‌ಗೂ ಇದರ ಹುಚ್ಚಿತ್ತು.

ಈ ಅಳತೆಗೋಲು ಹಿಡಿದರೆ ಕೈದಿಗಳ ಹಡಗು ಫೇಲ್. ಕಂಬಗಳು ಅತಿ ಎತ್ತರ, ಒಡಲಿನ ಆಕಾರ ಅಂದಾಜು. ಅವರ ಹತ್ತಿರ ನಕ್ಷೆ ಎಲ್ಲಿತ್ತು? ನೆನಪಿನಿಂದ ಕಟ್ಟಿದ್ದು. ನನ್ನ ವಾದ ಏನಂದ್ರೆ, ಆ ತಪ್ಪುಗಳೇ ಅದರ ದಾಖಲೆ. ನೇವಿ ಬೋರ್ಡ್ ಮಾದರಿ ನೋಡಿದರೆ ಒಂದು ಹಡಗು ಹೇಗಿತ್ತು ಅಂತ ತಿಳಿಯುತ್ತೆ. ಮೂಳೆಯ ಹಡಗು ನೋಡಿದರೆ, ಬೇಲಿಯೊಳಗೆ ಕೂತ ನಾವಿಕನಿಗೆ ಹತ್ತು ವರ್ಷದ ಮೇಲೂ ಯಾವ ಹಗ್ಗ ಎಲ್ಲಿಗೆ ಹೋಗುತ್ತೆ ಅನ್ನೋದು ನೆನಪಿತ್ತು, ಅವತ್ತು ಅವನ ತಟ್ಟೆಯಲ್ಲಿ ಏನಿತ್ತು, ಗಿರಾಕಿಗೆ ಏನು ಬೇಕಿತ್ತು, ಅಷ್ಟೂ ತಿಳಿಯುತ್ತೆ. ಆ ಮನುಷ್ಯರ ಬಗ್ಗೆ ಬೇರೆ ಕಡೆ ಸಿಗೋದು ಹೆಚ್ಚಾಗಿ ರಿಜಿಸ್ಟರಿನ ಒಂದು ಸಾಲು.

ಅಮೆರಿಕದ ಅನ್ನಾಪೊಲಿಸ್‌ನಲ್ಲಿ ನೌಕಾ ಅಕಾಡೆಮಿಯ ಮ್ಯೂಸಿಯಂ ಇದೆ. ಹೆನ್ರಿ ಹಡಲ್‌ಸ್ಟನ್ ರಾಜರ್ಸ್ ಅನ್ನೋ ಶ್ರೀಮಂತ ಸಂಗ್ರಹಕಾರ 1935ರಲ್ಲಿ ತೀರಿಕೊಂಡಾಗ ಅವರ ಹಡಗಿನ ಮಾದರಿಗಳು ಅಲ್ಲಿಗೆ ಸೇರಿದವು. ಅಧಿಕಾರಿಗಳ ಮರದ ಹಡಗು, ಕೈದಿಗಳ ಮೂಳೆ ಹಡಗು, ಎರಡೂ ಒಂದೇ ಸೂರಿನಡಿ ಇವೆ. ನಾರ್ಮನ್ ಕ್ರಾಸ್ ಕೈದಿಗಳ ನೂರಾರು ಕೈಕೆಲಸಗಳು ಪೀಟರ್‌ಬರೋ ಮ್ಯೂಸಿಯಂನಲ್ಲಿವೆ.

ಶಿಬಿರ ಮಾತ್ರ ಈಗಿಲ್ಲ. 1814ರಲ್ಲಿ ಕೈದಿಗಳು ಹೋದ ಮೇಲೆ ಬಿಚ್ಚಿ ಹಾಕಿದರು. 1914ರಲ್ಲಿ ಅಲ್ಲಿ ಸತ್ತ 1,770 ಜನರ ನೆನಪಿಗೆ ಒಂದು ಕಂಬ ನಿಲ್ಲಿಸಿ ಮೇಲೆ ಕಂಚಿನ ಹದ್ದು ಕೂರಿಸಿದರು. 1990ರಲ್ಲಿ ಆ ಹದ್ದನ್ನ ಯಾರೋ ಕದ್ದರು. 2005ರಲ್ಲಿ ಹೊಸದು ಬಂತು.

ಇವತ್ತಿಗೆ ಇಷ್ಟು. ಮುಂದಿನ ವಾರ ಸಿಗೋಣ.